ಒಂದೇ ‘ಪಿಕ್ ಅಪ್’, ಹತ್ತಾರು ಅರ್ಥ: ಪಕ್ಕದ ಪದ ನೋಡಿ ತಿಳಿಯುವ ಕ್ರಮ

ಫೋನ್ ಎತ್ತು, ಮಾತೆತ್ತು, ಸಾಲ ಎತ್ತು, ಜನ್ಮ ಎತ್ತು. ಈ ನಾಲ್ಕು ಕಡೆಯೂ ‘ಎತ್ತು’ ಬೇರೆ ಬೇರೆ ಎಂದು ಕನ್ನಡಿಗರಿಗೆ ಯಾರೂ ಪಟ್ಟಿ ಬರೆದು ಕಲಿಸಿಲ್ಲ. ಫೋನ್ ಎಂದು ಕೇಳಿದಾಗ ಒಂದರ್ಥ, ಸಾಲ ಎಂದು ಕೇಳಿದಾಗ ಇನ್ನೊಂದರ್ಥ ತಾನಾಗಿ ಹೊಳೆಯುತ್ತದೆ. ಕನ್ನಡ ಕಲಿಯಲು ಹೊರಟ ಹೊರಗಿನವರು ಮಾತ್ರ ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲಿಷಿನ ‘ಪಿಕ್ ಅಪ್’ ಎದುರು ನಮಗಾಗುವ ಕಷ್ಟವೂ ಇದೇ ಜಾತಿಯದು. ನಿಘಂಟು ತೆರೆದರೆ ಹದಿನೈದು ಇಪ್ಪತ್ತು ಅರ್ಥ ಸಾಲಾಗಿ ನಿಂತಿರುತ್ತವೆ. ಅವನ್ನು ಬಾಯಿಪಾಠ ಮಾಡಿದವರು ಮಾತಾಡುವ ಹೊತ್ತಿಗೆ ಮರೆಯುತ್ತಾರೆ. ನೆನಪಿನಲ್ಲಿ ಉಳಿಯುವುದು ಪಕ್ಕದ ನಾಮಪದ. ಅದನ್ನು ನೋಡಿ ಅರ್ಥ ಹಿಡಿಯುವುದು ಹೇಗೆ, ವಾಕ್ಯದಲ್ಲಿ ಪದವನ್ನು ಎಲ್ಲಿ ಇಡಬೇಕು, ನಾವು ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಉಚ್ಚಾರಣೆಯ ಒಂದು ಸಂಗತಿ. ‘ಪಿಕ್’ನ ಭೂತಕಾಲವನ್ನು ಅನೇಕರು ‘ಪಿಕ್ಕೆಡ್’ ಎಂದು ಓದುತ್ತಾರೆ. ಕ್ ಸದ್ದಿನ ನಂತರ ಬರುವ ಭೂತಕಾಲದ ಪ್ರತ್ಯಯ ಬರೀ ಟ್ ಆಗಿ ಕೇಳುತ್ತದೆ: ‘ಪಿಕ್ಟ್’. ಮುಂದೆ ‘ಅಪ್’ ಸೇರಿದಾಗ ಎರಡೂ ಕೂಡಿ ‘ಪಿಕ್ಟಪ್’ ಆಗುತ್ತವೆ. ಕೇಳುವಾಗ ಇದು ಗೊತ್ತಿಲ್ಲದಿದ್ದರೆ ವೇಗದ ಮಾತಿನಲ್ಲಿ ಈ ಕ್ರಿಯಾಪದ ಕಿವಿಗೇ ಸಿಗುವುದಿಲ್ಲ.

ಹಂತ 1: ಕರ್ಮಪದ ಇದೆಯೇ, ಇಲ್ಲವೇ?

ಶಾಲೆಯಲ್ಲಿ ಕಲಿತ ಸಕರ್ಮಕ, ಅಕರ್ಮಕ ಎಂಬ ಭೇದ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ‘ಏನನ್ನು?’, ‘ಯಾರನ್ನು?’ ಎಂದು ಕೇಳಿ. ಉತ್ತರ ಸಿಗದಿದ್ದರೆ ವಾಕ್ಯ ಅಕರ್ಮಕ, ಆಗ ಉಳಿಯುವ ಅರ್ಥಗಳು ಬಹುಮಟ್ಟಿಗೆ ಮೂರೇ.

ಕರ್ತೃಪದ ಮನುಷ್ಯನಾಗಿದ್ದು ಸುತ್ತಲಿನ ಮಾತು ಫೋನಿನದಾಗಿದ್ದರೆ, ಫೋನ್ ಎತ್ತುವುದು. ‘ಐ ಕಾಲ್ಡ್ ಹಿಮ್, ಬಟ್ ಹಿ ಡಿಡ್ ನಾಟ್ ಪಿಕ್ ಅಪ್.’ ಕರ್ತೃಪದ ವ್ಯಾಪಾರ, ಗಾಳಿ, ಮಳೆ, ಬೇಡಿಕೆ, ಆರೋಗ್ಯ ಮುಂತಾದುದಾಗಿದ್ದರೆ, ಚುರುಕಾಗುವುದು ಅಥವಾ ಚೇತರಿಸಿಕೊಳ್ಳುವುದು. ‘ಸೇಲ್ಸ್ ಪಿಕ್ಟ್ ಅಪ್ ಬಿಫೋರ್ ದೀಪಾವಳಿ’ ಎಂದರೆ ಹಬ್ಬದ ಮುಂಚೆ ವ್ಯಾಪಾರ ಕುದುರಿತು. ‘ದಿ ವಿಂಡ್ ಈಸ್ ಪಿಕಿಂಗ್ ಅಪ್’ ಎಂದರೆ ಗಾಳಿ ಜೋರಾಗುತ್ತಿದೆ. ಮುಂಗಾರು ಚುರುಕಾಯಿತು ಎಂದು ನಮ್ಮ ಪತ್ರಿಕೆಗಳು ಬರೆಯುವ ಕಡೆ ಇಂಗ್ಲಿಷ್ ಪತ್ರಿಕೆಗಳು ಇದೇ ‘ಪಿಕ್ಸ್ ಅಪ್’ ಬಳಸುವುದುಂಟು. ಆದರೆ ಟೊಮೆಟೊ ಬೆಲೆ ಏರಿತು ಎನ್ನಲು ಮನೆಮಾತಿನಲ್ಲಿ ‘ವೆಂಟ್ ಅಪ್’ ಎನ್ನುವುದೇ ಸರಿ. ‘ಪಿಕ್ ಅಪ್’ನಲ್ಲಿ ಮಂದವಾಗಿದ್ದದ್ದು ಜೀವ ಪಡೆಯಿತು ಎಂಬ ಛಾಯೆ ಇದೆ, ಬರೀ ಏರಿಕೆಯಲ್ಲ.

ಮೂರನೆಯದು, ಬಿಟ್ಟಲ್ಲಿಂದ ಮುಂದುವರಿಸುವುದು. ‘ಲೆಟ್ ಅಸ್ ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್.’ ಸಭೆ, ಪಾಠ, ನಿಂತುಹೋದ ಮಾತುಕತೆ ಇದ್ದಲ್ಲಿ ಇದು ಬರುತ್ತದೆ.

ಹಂತ 2: ಕರ್ಮಪದ ಯಾವ ಜಾತಿಯದು?

ಕೆಲಸವೆಲ್ಲ ಇರುವುದು ಇಲ್ಲಿ.

ನೆಲದ ಮೇಲಿನ ವಸ್ತುವಾದರೆ ಮೂಲ ಅರ್ಥ: ಬಾಗಿ ಎತ್ತಿಕೊಳ್ಳುವುದು. ಇಲ್ಲಿ ‘ಅಪ್’ ಬಿಟ್ಟರೆ ಅರ್ಥ ಕೆಡುತ್ತದೆ, ಏಕೆಂದರೆ ಬರೀ ‘ಪಿಕ್’ ಎಂದರೆ ಕೊಯ್ಯು, ಬಿಡಿಸು ಅಥವಾ ಆರಿಸು. ಕಾಫಿ ತೋಟ ಬಲ್ಲವರಿಗೆ ಈ ವ್ಯತ್ಯಾಸ ಚೆನ್ನಾಗಿ ಮನಸ್ಸಿಗೆ ಹಿಡಿಸುತ್ತದೆ. ಗಿಡದಿಂದ ಹಣ್ಣು ಕೊಯ್ಯುವುದು ‘ಪಿಕ್’. ಕೆಳಗೆ ಉದುರಿದ್ದನ್ನು ಹೆಕ್ಕುವುದು ‘ಪಿಕ್ ಅಪ್’. ಕೊಯ್ದ ರಾಶಿಯಿಂದ ಕಾಯಿ, ಕಡ್ಡಿ ಆರಿಸಿ ತೆಗೆಯುವುದು ‘ಪಿಕ್ ಔಟ್’. ಕರಾವಳಿ, ಮಲೆನಾಡಿನ ‘ಹೆಕ್ಕು’ ಎಂಬ ಮಾತು ಚದುರಿ ಬಿದ್ದದ್ದನ್ನು ಒಂದೊಂದಾಗಿ ಎತ್ತುವ ‘ಪಿಕ್ ಅಪ್’ಗೆ ಸರಿಸಾಟಿ.

ವ್ಯಕ್ತಿಯಾದರೆ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ವಸ್ತುವನ್ನು ತರುತ್ತೇವೆ, ಜನರನ್ನು ಕರೆತರುತ್ತೇವೆ. ಪಾರ್ಸೆಲ್ ತಗೊಂಡು ಬಾ, ಅಜ್ಜಿಯನ್ನು ಕರಕೊಂಡು ಬಾ. ಇವನ್ನು ಅದಲು ಬದಲು ಮಾಡಿದರೆ ಮಾತು ಒರಟಾಗುತ್ತದೆ. ಇಂಗ್ಲಿಷಿಗೆ ಈ ಭೇದವಿಲ್ಲ. ಅಂಗಡಿಯಿಂದ ಕೇಕ್, ರೈಲು ನಿಲ್ದಾಣದಿಂದ ಅಜ್ಜಿ, ಎರಡಕ್ಕೂ ‘ಪಿಕ್ ಅಪ್’. ಬಸ್ಸು ಜನರನ್ನು ಹತ್ತಿಸಿಕೊಳ್ಳುವುದಕ್ಕೂ ಅದೇ: ‘ದಿ ಬಸ್ ಪಿಕ್ಸ್ ಅಪ್ ಪ್ಯಾಸೆಂಜರ್ಸ್ ಅಟ್ ಮೆಜೆಸ್ಟಿಕ್.’ ಹಾಗಾಗಿ ಅನುವಾದ ಮಾಡುವಾಗ ‘ಎತ್ತಿಕೊ’ ಎಂಬ ಮೂಲ ಅರ್ಥಕ್ಕೆ ಅಂಟಿಕೊಳ್ಳಬೇಡಿ. ‘ಐ ಪಿಕ್ಟ್ ಅಪ್ ಮೈ ಗ್ರ್ಯಾಂಡ್‌ಫಾದರ್ ಫ್ರಮ್ ದಿ ಸ್ಟೇಷನ್’ ಎಂಬುದಕ್ಕೆ ತಾತನನ್ನು ಸ್ಟೇಷನ್‌ನಿಂದ ಕರೆದುಕೊಂಡು ಬಂದೆ ಎಂದೇ ಬರೆಯಬೇಕು. ಮಗುವಿನ ವಿಷಯದಲ್ಲಿ ಮಾತ್ರ ಎರಡೂ ಸಾಧ್ಯ. ‘ಶಿ ಪಿಕ್ಟ್ ಅಪ್ ದಿ ಚೈಲ್ಡ್’ ಎಂದಷ್ಟೇ ಇದ್ದರೆ ಎತ್ತಿಕೊಂಡಳೋ, ಕರೆತಂದಳೋ ತಿಳಿಯದು. ‘ಫ್ರಮ್ ಸ್ಕೂಲ್’ ಇದ್ದರೆ ಕರೆತಂದಳು, ‘ಬಿಕಾಸ್ ಹಿ ವಾಸ್ ಕ್ರೈಯಿಂಗ್’ ಇದ್ದರೆ ಎತ್ತಿಕೊಂಡಳು. ಊರು, ಶಾಲೆ, ಗಂಟೆ ಇಂಥ ಸುಳಿವುಗಳನ್ನು ವಾಕ್ಯದಲ್ಲಿ ಹುಡುಕುವುದು ಅಭ್ಯಾಸವಾಗಬೇಕು.

ವ್ಯಕ್ತಿಯ ಜೊತೆಗೇ ಬರುವ ಇನ್ನೆರಡು ಅರ್ಥಗಳಲ್ಲಿ ಎಚ್ಚರ ಬೇಕು. ‘ದಿ ಪೊಲೀಸ್ ಪಿಕ್ಟ್ ಹಿಮ್ ಅಪ್’ ಎಂದರೆ ಹಿಡಿದುಕೊಂಡು ಹೋದರು. ಸುದ್ದಿ ಅನುವಾದಿಸುವವರು ಇದನ್ನು ‘ಬಂಧಿಸಿದರು’ ಎಂದು ಬರೆಯಬಾರದು. ಬಂಧನ ಎಂಬುದು ಕಾನೂನಿನ ಮಾತು, ಮೂಲದಲ್ಲಿ ಅದು ಹೇಳಿಲ್ಲ; ‘ವಶಕ್ಕೆ ಪಡೆದರು’ ಸಾಕು. ಇನ್ನೊಂದು, ಬಾರು, ಪಾರ್ಟಿಯಂಥ ಕಡೆ ಅಪರಿಚಿತರ ಪರಿಚಯವನ್ನು ಪ್ರಣಯದ ಉದ್ದೇಶದಿಂದ ಮಾಡಿಕೊಳ್ಳುವುದು. ಸ್ಥಳ, ಕಾರಣ ಏನೂ ಹೇಳದೆ ‘ಐ ಪಿಕ್ಟ್ ಅಪ್ ಎ ಗರ್ಲ್’ ಎಂದರೆ ಕೇಳುವವರಿಗೆ ಮೊದಲು ಹೊಳೆಯುವುದು ಈ ಅರ್ಥವೇ. ಸಹೋದ್ಯೋಗಿಯನ್ನು ಆಫೀಸಿಗೆ ಕರೆತಂದೆ ಎನ್ನುವುದಿದ್ದರೆ ಎಲ್ಲಿಂದ ಎಂಬುದನ್ನು ಸೇರಿಸಿ ಹೇಳಿ, ಗೊಂದಲ ಇರುವುದಿಲ್ಲ.

ಅಂಗಡಿ ಸಾಮಾನಾದರೆ ಕೊಂಡು ತರುವುದು, ಅದರಲ್ಲೂ ದಾರಿಯಲ್ಲಿ, ಹೋಗುತ್ತಾ ಬರುತ್ತಾ. ‘ಪಿಕ್ ಅಪ್ ಸಮ್ ಮಿಲ್ಕ್ ಆನ್ ಯುವರ್ ವೇ ಹೋಮ್’ ಎಂದರೆ ಬರುವಾಗ ಹಾಲು ತಗೊಂಡು ಬಾ. ನಾಲ್ಕು ಅಂಗಡಿ ತಿರುಗಿ, ಕಂತು ಕಟ್ಟಿ ತಂದ ಫ್ರಿಜ್ಜಿಗೆ ಈ ಮಾತು ಹೊಂದುವುದಿಲ್ಲ, ಅದಕ್ಕೆ ‘ಬಾಟ್’. ಅನಿರೀಕ್ಷಿತವಾಗಿ ಅಗ್ಗಕ್ಕೆ ಸಿಕ್ಕ ಸೀರೆಗೆ ಚೆನ್ನಾಗಿ ಹೊಂದುತ್ತದೆ.

ಭಾಷೆ, ಕೌಶಲ, ಚಟ, ಮಾತಿನ ಧಾಟಿ ಇದ್ದರೆ, ಪಾಠವಿಲ್ಲದೆ, ಕೇಳಿ ನೋಡಿ ಕಲಿಯುವುದು. ‘ಶಿ ಪಿಕ್ಟ್ ಅಪ್ ತುಳು ಇನ್ ಮಂಗಳೂರು’ ಎಂದರೆ ಮಂಗಳೂರಿನಲ್ಲಿದ್ದು, ಜನರ ಜೊತೆ ಬೆರೆತು ತುಳು ಕಲಿತಳು. ತರಗತಿಗೆ ಹೋಗಿ, ಪರೀಕ್ಷೆ ಬರೆದು ಕಲಿತದ್ದು ‘ಪಿಕ್ ಅಪ್’ ಅಲ್ಲ, ‘ಲರ್ನ್’ ಅಥವಾ ‘ಸ್ಟಡಿ’. ಉದ್ಯೋಗದ ಅರ್ಜಿಯಲ್ಲಿ ಈ ತಪ್ಪು ನಷ್ಟ ತರಬಲ್ಲದು. ಆರು ತಿಂಗಳ ಕೋರ್ಸ್ ಮುಗಿಸಿ ‘ಐ ಪಿಕ್ಟ್ ಅಪ್ ಅಕೌಂಟಿಂಗ್’ ಎಂದು ಬರೆದರೆ, ಎಲ್ಲೋ ಅಷ್ಟಿಷ್ಟು ನೋಡಿ ಕಲಿತವರ ಹಾಗೆ ಓದಿಸುತ್ತದೆ. ನೀವು ಪಟ್ಟ ಶ್ರಮವನ್ನು ಆ ಪದವೇ ಕಡಿಮೆ ಮಾಡಿಬಿಡುತ್ತದೆ.

ಕಾಯಿಲೆಯಾದರೆ ವಾಕ್ಯದ ರಚನೆಯೇ ತಿರುವುಮುರುವಾಗುತ್ತದೆ. ಕನ್ನಡದಲ್ಲಿ ಕಾಯಿಲೆ ಕರ್ತೃ: ನನಗೆ ಶೀತ ಅಂಟಿಕೊಂಡಿತು, ಅವನಿಗೆ ಜ್ವರ ಬಂತು. ಇಂಗ್ಲಿಷಿನಲ್ಲಿ ಮನುಷ್ಯ ಕರ್ತೃ: ‘ಐ ಪಿಕ್ಟ್ ಅಪ್ ಎ ಕೋಲ್ಡ್.’ ನಮ್ಮ ರಚನೆಯನ್ನೇ ಒಯ್ದು ‘ಎ ಕೋಲ್ಡ್ ಪಿಕ್ಟ್ ಮಿ ಅಪ್’ ಎಂದರೆ ಶೀತವೇ ಬಂದು ನನ್ನನ್ನು ಎತ್ತಿಕೊಂಡಿತು ಎಂದಾಗುತ್ತದೆ. ಅಂಟುವಂಥ ಕಾಯಿಲೆಗೆ ಮಾತ್ರ ಇದು ಹೊಂದುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಬಳಸಬಾರದು. ಆಟಗಾರರ ಗಾಯ ಇದಕ್ಕೊಂದು ಅಪವಾದ. ಅಂಟುವುದಲ್ಲದಿದ್ದರೂ ‘ಪಿಕ್ಟ್ ಅಪ್ ಆನ್ ಇಂಜುರಿ’ ಎನ್ನುವುದು ಕ್ರೀಡಾ ವರದಿಗಳಲ್ಲಿ ರೂಢಿ.

ಕ್ರೀಡೆಯ ಮಾತು ಬಂದದ್ದರಿಂದ ಕ್ರಿಕೆಟ್ ಕಾಮೆಂಟರಿಯನ್ನು ಬಿಡುವಂತಿಲ್ಲ. ಕಿವಿಗೊಟ್ಟು ಕೇಳುವವರಿಗೆ ಅದೊಂದೇ ಸಾಕಷ್ಟು ಪಾಠ. ಬೌಲರ್ ವಿಕೆಟ್ ‘ಪಿಕ್ ಅಪ್’ ಮಾಡುತ್ತಾನೆ, ಅಂದರೆ ಪಡೆಯುತ್ತಾನೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತದ್ದನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಕುಂಬ್ಳೆ ಪಿಕ್ಟ್ ಅಪ್ ಆಲ್ ಟೆನ್ ವಿಕೆಟ್ಸ್’. ಬ್ಯಾಟ್ಸ್‌ಮನ್ ಚೆಂಡಿನ ಲೆಂಗ್ತನ್ನು ಬೇಗ ‘ಪಿಕ್ ಅಪ್’ ಮಾಡಿದ ಎಂದರೆ ಬೇಗ ಗುರುತಿಸಿದ. ಆದರೆ ಗೂಗ್ಲಿಯ ವಿಷಯದಲ್ಲಿ ‘ಅಪ್’ ಬಿದ್ದುಹೋಗುತ್ತದೆ: ‘ಹಿ ಡಿಡ್ ನಾಟ್ ಪಿಕ್ ದಿ ಗೂಗ್ಲಿ’, ಚೆಂಡು ಯಾವ ಕಡೆ ತಿರುಗುತ್ತದೆಂದು ಅವನಿಗೆ ತಿಳಿಯಲಿಲ್ಲ. ಬ್ಯಾಟಿಗೂ ‘ಪಿಕಪ್’ ಇದೆ. ತಕ್ಕಡಿಯ ತೂಕ ಎಷ್ಟೇ ಇರಲಿ, ಕೈಯಲ್ಲಿ ಎತ್ತಿದಾಗ ಎಷ್ಟು ಹಗುರವೆನಿಸುತ್ತದೆ ಎಂಬುದೇ ಅದರ ಪಿಕಪ್.

ಸದ್ದು, ಸಿಗ್ನಲ್, ವಾಸನೆ ಇದ್ದರೆ ಕನ್ನಡದ ‘ಹಿಡಿ’ ಕಣ್ಣು ಮುಚ್ಚಿ ಹೊಂದುತ್ತದೆ. ರೇಡಿಯೋ ಸ್ಟೇಷನ್ ಹಿಡಿಯುತ್ತದೆ, ನಾಯಿ ಜಾಡು ಹಿಡಿಯುತ್ತದೆ, ಮೈಕು ಸದ್ದು ಹಿಡಿಯುತ್ತದೆ. ಗಿಟಾರಿಗೆ, ವೀಣೆಗೆ ಸೇರಿಸಿ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನದ ಹೆಸರು ‘ಪಿಕಪ್’ ಆದದ್ದೂ ಈ ಅರ್ಥದಿಂದಲೇ.

ಇನ್ನು ಬಿಲ್. ‘ಪಿಕ್ ಅಪ್ ದಿ ಬಿಲ್’ ಎಂದರೆ ಬಿಲ್ಲನ್ನು ಕೈಗೆತ್ತಿಕೊಳ್ಳುವುದಲ್ಲ, ದುಡ್ಡು ಕೊಡುವುದು. ಹೋಟೆಲಿನಲ್ಲಿ ‘ಐ ವಿಲ್ ಪಿಕ್ ಅಪ್ ದಿ ಬಿಲ್’ ಎಂದವರು ಎಲ್ಲರ ಲೆಕ್ಕ ತೀರಿಸುವ ಹೊಣೆ ಹೊತ್ತರೆಂದೇ ಅರ್ಥ.

ಅಮೆರಿಕದಲ್ಲಿರುವ ಕನ್ನಡ ಮನೆಗಳಿಗೆ ಇನ್ನೆರಡು ಬಳಕೆ ಬೇಕಾಗುತ್ತವೆ. ಅಲ್ಲಿ ಮಕ್ಕಳಿಗೆ ‘ಪಿಕ್ ಅಪ್ ಯುವರ್ ರೂಮ್’ ಎಂದರೆ ಕೋಣೆ ಓರಣ ಮಾಡು, ಹರಡಿದ್ದನ್ನು ಎತ್ತಿಡು. ಶಾಲೆಯ ‘ಪಿಕಪ್ ಲೈನ್’ ಎಂದರೆ ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲು. ಬೇರೆ ಸಂದರ್ಭದಲ್ಲಿ ಅದೇ ಪದಗಳು ಚುಡಾಯಿಸಿ ಪರಿಚಯ ಮಾಡಿಕೊಳ್ಳುವ ಮಾತು ಎಂದಾಗುತ್ತವೆ.

ಹಂತ 3: ‘ಅಪ್’ ಎಲ್ಲಿ ಕೂರಬೇಕು?

ಕನ್ನಡಿಗರ ಅತಿ ಸಾಮಾನ್ಯ ತಪ್ಪು ಇಲ್ಲಿದೆ: ‘ಐ ವಿಲ್ ಪಿಕ್ ಅಪ್ ಯು ಅಟ್ ಸಿಕ್ಸ್.’ ಕನ್ನಡದಲ್ಲಿ ‘ಪಿಕಪ್ ಮಾಡು’ ಎಂದು ಒಂದೇ ಗಂಟು ಮಾಡಿಕೊಂಡಿದ್ದೇವೆ. ಅದನ್ನು ಬಿಚ್ಚುವುದು ನಮಗೆ ಹೊಳೆಯುವುದಿಲ್ಲ. ನಿಯಮ ಹೀಗಿದೆ. ಕರ್ಮಪದ ನಾಮಪದವಾದರೆ ನಡುವೆಯೂ ಇಡಬಹುದು, ಕೊನೆಗೂ ಇಡಬಹುದು: ‘ಪಿಕ್ ಅಪ್ ದಿ ಬ್ಯಾಗ್’, ‘ಪಿಕ್ ದಿ ಬ್ಯಾಗ್ ಅಪ್’. ಸರ್ವನಾಮವಾದರೆ ನಡುವೆಯೇ ಇಡಬೇಕು: ‘ಪಿಕ್ ಇಟ್ ಅಪ್’, ‘ಪಿಕ್ ಮಿ ಅಪ್’, ‘ಪಿಕ್ ದೆಮ್ ಅಪ್’. ‘ಪಿಕ್ ಅಪ್ ಇಟ್’ ಎಂದೂ ಸರಿಯಲ್ಲ.

ಕರ್ಮಪದ ಉದ್ದವಾದರೆ ಕೊನೆಗಿಡಿ. ‘ಪಿಕ್ ಅಪ್ ದಿ ಬ್ಲೂ ಬ್ಯಾಗ್ ನಿಯರ್ ದಿ ಡೋರ್’ ಚೆನ್ನ. ಆ ಐದಾರು ಪದ ದಾಟಿ ‘ಅಪ್’ ಬರುವಷ್ಟರಲ್ಲಿ ಕೇಳುವವರು ಕ್ರಿಯಾಪದವನ್ನೇ ಮರೆತಿರುತ್ತಾರೆ. ‘ಪಿಕ್ ಅಪ್ ಸ್ಪೀಡ್’ ಎಂಬುದನ್ನು ಮಾತ್ರ ಒಡೆಯುವ ರೂಢಿಯಿಲ್ಲ.

‘ಪಿಕ್ ಅಪ್ ಆನ್’ ಬೇರೆಯೇ ಸರಕು. ಯಾರೂ ಬಾಯಿಬಿಟ್ಟು ಹೇಳದ್ದನ್ನು ಸೂಕ್ಷ್ಮವಾಗಿ ಗ್ರಹಿಸುವುದು ಅದರ ಅರ್ಥ. ಅಲ್ಲಿ ಮೂರೂ ಪದ ಒಟ್ಟಿಗೇ ಇರಬೇಕು, ಸರ್ವನಾಮವೂ ಕೊನೆಗೇ ಬರಬೇಕು: ‘ಶಿ ಪಿಕ್ಟ್ ಅಪ್ ಆನ್ ಇಟ್.’

‘ಅಪ್’ ಬಿಟ್ಟುಬಿಡುವುದು ಎರಡನೆಯ ದೊಡ್ಡ ತಪ್ಪು. ‘ಹಿ ಈಸ್ ನಾಟ್ ಪಿಕಿಂಗ್ ಮೈ ಕಾಲ್’ ಭಾರತದ ಆಫೀಸುಗಳಲ್ಲಿ ದಿನವೂ ಕೇಳುವ ವಾಕ್ಯ. ಹೊರದೇಶದವರಿಗೆ ಅದು ಅರೆಬರೆ ಕೇಳಿಸುತ್ತದೆ. ‘ಹಿ ಈಸ್ ನಾಟ್ ಪಿಕಿಂಗ್ ಅಪ್’ ಎನ್ನಿ, ಇಲ್ಲವೇ ‘ಆನ್ಸರಿಂಗ್ ಮೈ ಕಾಲ್ಸ್’ ಎನ್ನಿ. ‘ಲಿಫ್ಟಿಂಗ್ ದಿ ಫೋನ್’ ಎಂಬುದು ‘ಫೋನ್ ಎತ್ತು’ವಿನ ನೇರ ಅನುವಾದ, ಅದರಿಂದ ಫೋನನ್ನು ಮೇಲಕ್ಕೆತ್ತಿದ ಚಿತ್ರವಷ್ಟೇ ಮೂಡುತ್ತದೆ. ‘ಪಿಕ್ ಮಿ’ ಎಂದರೆ ನನ್ನನ್ನು ಆಯ್ಕೆ ಮಾಡಿ, ‘ಪಿಕ್ ಮಿ ಅಪ್’ ಎಂದರೆ ಕರೆದುಕೊಂಡು ಹೋಗಿ. ಆನ್‌ಲೈನ್ ಅಂಗಡಿಗಳ ಗೋದಾಮಿನಲ್ಲಿ ಈ ಎರಡಕ್ಷರ ಇಡೀ ಒಂದು ಹಂತವನ್ನೇ ಬದಲಿಸುತ್ತದೆ. ‘ಪಿಕ್ಟ್’ ಎಂದರೆ ಕಪಾಟಿನಿಂದ ಸಾಮಾನು ಆರಿಸಿ ತೆಗೆದಾಗಿದೆ, ‘ಪಿಕ್ಟ್ ಅಪ್’ ಎಂದರೆ ಕೊರಿಯರ್‌ನವರು ಒಯ್ದಾಗಿದೆ. ಗ್ರಾಹಕರಿಗೆ ಸಂದೇಶ ಬರೆಯುವವರು ಒಂದರ ಬದಲು ಇನ್ನೊಂದನ್ನು ಹಾಕಿದರೆ, ಗೋದಾಮಿನಲ್ಲೇ ಇರುವ ಪೆಟ್ಟಿಗೆಗಾಗಿ ಗ್ರಾಹಕರು ಬಾಗಿಲಲ್ಲಿ ಕಾಯುತ್ತಾರೆ.

ಹಂತ 4: ಕ್ರಿಯಾಪದವೋ, ನಾಮಪದವೋ?

ಕ್ರಿಯಾಪದವಾದರೆ ಬರವಣಿಗೆಯಲ್ಲಿ ಎರಡು ಪದ, ನಡುವೆ ಜಾಗ. ಉಚ್ಚಾರಣೆಯಲ್ಲಿ ಒತ್ತು ‘ಅಪ್’ ಮೇಲೆ. ನಾಮಪದವಾದರೆ ಒಂದೇ ಪದ, ಅಥವಾ ನಡುವೆ ಅಡ್ಡಗೆರೆ. ಒತ್ತು ‘ಪಿಕ್’ ಮೇಲೆ. ‘ಪಿಕಪ್ ಪಾಯಿಂಟ್’, ಸಾಮಾನು ಸಾಗಿಸುವ ‘ಪಿಕಪ್’ ಗಾಡಿ ನಾಮಪದಗಳು. ‘ಗಾಡಿಗೆ ಪಿಕಪ್ ಇಲ್ಲ’ ಎಂದು ನಮ್ಮ ಮೆಕ್ಯಾನಿಕ್‌ಗಳು ಹೇಳುವಾಗಿನ ಅರ್ಥ ಇಂಗ್ಲಿಷಿನಲ್ಲೂ ಇದೆ, ಆದರೆ ವಿದೇಶದ ಗ್ಯಾರೇಜಿನಲ್ಲಿ ‘ಆಕ್ಸಿಲರೇಷನ್’ ಎಂದರೆ ತಟ್ಟನೆ ತಿಳಿಯುತ್ತದೆ. ‘ಪಿಕ್ ಅಂಡ್ ಡ್ರಾಪ್’ ಎಂಬುದು ನಮ್ಮ ಕಡೆಯ ಪ್ರಯೋಗ. ಹೊರಗೆ ‘ಪಿಕಪ್ ಅಂಡ್ ಡ್ರಾಪ್ ಆಫ್’ ಎನ್ನಬೇಕು.

ಹಂತ 5: ಔಪಚಾರಿಕ ಬರವಣಿಗೆಯಲ್ಲಿ

‘ಪಿಕ್ ಅಪ್’ ಸಲುಗೆಯ ಮಾತು. ಸ್ನೇಹಿತರಿಗೆ ಸಂದೇಶ, ಸಂದರ್ಶನದ ಮಾತು, ಪತ್ರಿಕೆಯ ವಾಣಿಜ್ಯ ಪುಟ, ಇಲ್ಲೆಲ್ಲ ಒಪ್ಪುತ್ತದೆ. ಅರ್ಜಿ, ವರದಿ, ಪ್ರಬಂಧಗಳಲ್ಲಿ ಅರ್ಥಕ್ಕೆ ತಕ್ಕ ಒಂಟಿ ಪದ ಹಾಕಿ. ದಾಖಲೆ ಪಡೆಯುವುದಕ್ಕೆ ‘ಕಲೆಕ್ಟ್’, ಕೌಶಲಕ್ಕೆ ‘ಅಕ್ವೈರ್’, ಕಾಯಿಲೆಗೆ ‘ಕಾಂಟ್ರ್ಯಾಕ್ಟ್’, ಸಿಗ್ನಲ್ಲಿಗೆ ‘ಡಿಟೆಕ್ಟ್’, ಬಿಟ್ಟ ಕೆಲಸಕ್ಕೆ ‘ರೆಸ್ಯೂಮ್’, ಚೇತರಿಕೆಗೆ ‘ಇಂಪ್ರೂವ್’. ಈ ಬದಲಿ ಪದಗಳನ್ನು ಅರ್ಥ ಪರೀಕ್ಷಿಸಲೂ ಬಳಸಬಹುದು. ಯಾವ ಪದ ಹಾಕಿದರೆ ವಾಕ್ಯ ಕೆಡುವುದಿಲ್ಲವೋ ಆ ಅರ್ಥವೇ ಅಲ್ಲಿರುವುದು.

ಅಭ್ಯಾಸ

ನೋಟ್‌ಬುಕ್ಕಿನ ಒಂದು ಪುಟವನ್ನು ‘ಪಿಕ್ ಅಪ್’ಗೆ ಮೀಸಲಿಡಿ. ಅರ್ಥಗಳನ್ನು ಬರೆಯಬೇಡಿ. ಎಡಗಡೆ ನಾಮಪದಗಳನ್ನು ಬರೆಯಿರಿ: ಫೋನ್, ಹಾಲು, ಅಜ್ಜಿ, ಶೀತ, ತುಳು, ಸ್ಪೀಡ್, ಬಿಲ್, ಸಿಗ್ನಲ್. ಬಲಗಡೆ ಪ್ರತಿಯೊಂದಕ್ಕೂ ನಿಮ್ಮ ದಿನಚರಿಯದೇ ಒಂದು ಇಂಗ್ಲಿಷ್ ವಾಕ್ಯ ಬರೆಯಿರಿ. ದಿನಕ್ಕೆ ಎರಡು ಸಾಕು, ನಾಲ್ಕು ದಿನದಲ್ಲಿ ಎಂಟೂ ಮುಗಿಯುತ್ತವೆ. ಐದನೆಯ ದಿನ ಬಲಗಡೆ ಮುಚ್ಚಿ, ನಾಮಪದ ನೋಡಿ ವಾಕ್ಯವನ್ನು ಬಾಯಲ್ಲಿ ಹೇಳಿ. ಆಮೇಲೆ ಅದೇ ವಾಕ್ಯವನ್ನು ಸರ್ವನಾಮ ಹಾಕಿ ಮತ್ತೆ ಹೇಳಿ. ನಾಲಿಗೆ ತೊಡರುವುದು ಸಾಮಾನ್ಯವಾಗಿ ಈ ಎರಡನೆಯ ಸುತ್ತಿನಲ್ಲಿ, ಹಾಗಾಗಿ ಅದನ್ನು ಬಿಡಬೇಡಿ. ‘ಸ್ಪೀಡ್’ ಒಂದಕ್ಕೆ ಮಾತ್ರ ಸರ್ವನಾಮದ ಸುತ್ತು ಬೇಡ.

ಈಗ ಈ ಐದು ವಾಕ್ಯಗಳಿಗೆ ಕನ್ನಡ ಹೇಳಿ ನೋಡಿ.

1. ಕ್ಯಾನ್ ಯು ಪಿಕ್ ಅಪ್ ದಿ ಕೇಕ್ ಅಟ್ ಫೈವ್?
2. ಹಿಸ್ ಅಪೆಟೈಟ್ ಹ್ಯಾಸ್ ಪಿಕ್ಟ್ ಅಪ್ ಸಿನ್ಸ್ ಮಂಡೇ.
3. ದಿ ಮೈಕ್ ಪಿಕ್ಟ್ ಅಪ್ ಎವ್ರಿ ಕಾಫ್.
4. ದಿ ಕಂಪನಿ ವಿಲ್ ಪಿಕ್ ಅಪ್ ದಿ ಹೋಟೆಲ್ ಬಿಲ್.
5. ಶಿ ಪಿಕ್ಟ್ ಅಪ್ ಆನ್ ಹಿಸ್ ಫಿಯರ್.

ಮೊದಲನೆಯದು, ಐದು ಗಂಟೆಗೆ ಕೇಕ್ ತಗೊಂಡು ಬರ್ತೀಯಾ? ಎರಡನೆಯದಕ್ಕೆ ಕರ್ಮಪದವಿಲ್ಲ, ಕರ್ತೃ ಹಸಿವು: ಸೋಮವಾರದಿಂದ ಅವನಿಗೆ ಊಟ ಸೇರುತ್ತಿದೆ. ಮೂರನೆಯದರಲ್ಲಿ ಮೈಕು ಒಂದು ಕೆಮ್ಮನ್ನೂ ಬಿಡದೆ ಹಿಡಿಯಿತು. ನಾಲ್ಕನೆಯದರಲ್ಲಿ ಹೋಟೆಲ್ ಖರ್ಚು ಕಂಪನಿಯದು. ಐದನೆಯದು, ಅವನ ಭಯ ಅವಳಿಗೆ ಗೊತ್ತಾಯಿತು. ‘ಆನ್’ ಕಾಣದೆ ‘ಅವನ ಭಯ ಅವಳಿಗೂ ಅಂಟಿತು’ ಎಂದು ಬರೆದಿದ್ದರೆ ಮೂರನೆಯ ಹಂತವನ್ನು ಇನ್ನೊಮ್ಮೆ ಓದಿ.